ಮನೆಗೆ ಸಿಸಿಟಿವಿ: ಯಾವ ಕೇಬಲ್ ಕೊಳ್ಳಬೇಕು, ಹೇಗೆ ಎಳೆಯಬೇಕು?

‘ಹಗಲು ಚೆನ್ನಾಗಿ ಕಾಣುತ್ತೆ, ಕತ್ತಲಾದ ತಕ್ಷಣ ಕ್ಯಾಮೆರಾ ಆಫ್ ಆಗಿ ಆನ್ ಆಗುತ್ತೆ.’ ‘ಮಳೆ ಬಂದರೆ ಗೇಟಿನ ಕ್ಯಾಮೆರಾ ಮಾತ್ರ ಹೋಗುತ್ತೆ.’ ‘ಚಿತ್ರದ ಮೇಲೆ ಗೆರೆ ಓಡುತ್ತೆ, ಕ್ಯಾಮೆರಾ ಬದಲಾಯಿಸಬೇಕಾ?’ ಸಿಸಿಟಿವಿ ಬಗ್ಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಬಹಳಷ್ಟು ಸಲ ಕ್ಯಾಮೆರಾ ಸರಿಯಾಗೇ ಇರುತ್ತದೆ, ಕೆಟ್ಟಿರುವುದು ಕೇಬಲ್ ಇಲ್ಲವೇ ಅದರ ತುದಿಯ ಕನೆಕ್ಟರ್.

ಕ್ಯಾಮೆರಾ ಹಳತಾದರೆ ನಾಲ್ಕು ಸ್ಕ್ರೂ ಬಿಚ್ಚಿ ಬೇರೆ ಹಾಕಬಹುದು. ಗೋಡೆಯೊಳಗೆ ಹೋದ ಕೇಬಲ್ ಬದಲಾಯಿಸಬೇಕಾದರೆ ಮತ್ತೆ ಏಣಿ, ಡ್ರಿಲ್, ಸಿಮೆಂಟು, ಬಣ್ಣ ಎಲ್ಲಾ ಬೇಕು. ಹಾಗಾಗಿ ಬಜೆಟ್ ಬಿಗಿಯಿದ್ದರೆ ಕ್ಯಾಮೆರಾದಲ್ಲಿ ಒಂದು ಮೆಟ್ಟಿಲು ಕೆಳಗಿಳಿಯಿರಿ, ಕೇಬಲ್‌ನಲ್ಲಿ ಇಳಿಯಬೇಡಿ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ನಮ್ಮ ಕಡೆಯ ಸಾಮಾನ್ಯ ಮನೆ. ಕೆಳಗೊಂದು ಮಹಡಿ, ಮೇಲೊಂದು ಮಹಡಿ. ಗೇಟು, ಕಾರು ನಿಲ್ಲುವ ಜಾಗ, ಹಿತ್ತಲು, ಟೆರೇಸಿನ ಮೆಟ್ಟಿಲು ಅಂತ ನಾಲ್ಕು ಕ್ಯಾಮೆರಾ. ತೋಟದ ಮನೆಯವರು, ದೂರದ ಶೆಡ್ಡಿಗೆ ಕ್ಯಾಮೆರಾ ಬೇಕಾದವರು 8ನೇ ಹಂತವನ್ನು ಮೊದಲೇ ಓದಿಕೊಳ್ಳಿ.

1. ಯಾವ ಪದ್ಧತಿ ಅಂತ ಮೊದಲು ತೀರ್ಮಾನಿಸಿ

ಪದ್ಧತಿ ಗೊತ್ತಾಗದೆ ಕೇಬಲ್ ಕೊಳ್ಳಲು ಆಗುವುದಿಲ್ಲ. ಮನೆಗಳಲ್ಲಿ ಇರುವುದು ಎರಡು ಬಗೆ, ಎರಡಕ್ಕೂ ಹೆಸರು ಬಂದಿರುವುದು ಚಿತ್ರ ತುಂಬಿಸಿಡುವ ರೆಕಾರ್ಡರ್ ಡಬ್ಬಿಯಿಂದ.

ಡಿವಿಆರ್ ಪದ್ಧತಿ: ಇದು ಅನಲಾಗ್ ಎಚ್‌ಡಿ. ಚಿತ್ರ ಕೋಆಕ್ಸಿಯಲ್ ಕೇಬಲ್‌ನಲ್ಲಿ ಬರುತ್ತದೆ. ಅಂದರೆ ನಡುವೆ ಒಂದು ತಾಮ್ರದ ತಂತಿ, ಸುತ್ತ ಬಿಳಿ ಫೋಮ್, ಅದರ ಮೇಲೆ ತಂತಿಯ ಜಾಲರಿ. ಕ್ಯಾಮೆರಾಗೆ 12 ವೋಲ್ಟ್ ಕರೆಂಟು ಬೇರೆ ತಂತಿಯಲ್ಲಿ ಹೋಗಬೇಕು. ಅಂಗಡಿಯಲ್ಲಿ ‘ತ್ರೀ ಪ್ಲಸ್ ಒನ್’ ಅಂತ ಕೇಳಿದರೆ ಎರಡೂ ಒಂದೇ ಹೊದಿಕೆಯಲ್ಲಿರುವ ಕೇಬಲ್ ಕೊಡುತ್ತಾರೆ.

ಎನ್‌ವಿಆರ್ ಪದ್ಧತಿ: ಇದು ಐಪಿ ಕ್ಯಾಮೆರಾ. ಇಂಟರ್ನೆಟ್‌ಗೆ ಬಳಸುವ ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ ಇದಕ್ಕೆ ಸಾಕು. ಪಿಒಇ ಇದ್ದರೆ ಅದೇ ಕೇಬಲ್‌ನಲ್ಲಿ ಕರೆಂಟೂ ಹೋಗುತ್ತದೆ, ಕ್ಯಾಮೆರಾ ಹತ್ತಿರ ಪ್ಲಗ್ ಪಾಯಿಂಟೇ ಬೇಡ.

ಹೊಸದಾಗಿ ಹಾಕಿಸುವವರಿಗೆ ನನ್ನ ಮಾತು: ಪಿಒಇ ಇರುವ ಐಪಿ ಕ್ಯಾಮೆರಾ, ತಾಮ್ರದ ಕ್ಯಾಟ್ 6. ಹಳೆಯ ಕೋಆಕ್ಸಿಯಲ್ ಕೇಬಲ್ ಆಗಲೇ ಗೋಡೆಯೊಳಗಿದ್ದು ಚೆನ್ನಾಗಿದ್ದರೆ ಮಾತ್ರ ಡಿವಿಆರ್‌ನಲ್ಲೇ ಮುಂದುವರಿಯಿರಿ. ಸುಮ್ನೆ ಒಡೆಸುವುದು ಬೇಡ.

‘ವೈಫೈ ಕ್ಯಾಮೆರಾ ತಗೊಂಡರೆ ಕೇಬಲ್ಲೇ ಬೇಡ ಅಲ್ವಾ?’ ಬೇಕು. ಬ್ಯಾಟರಿಯದ್ದಲ್ಲದಿದ್ದರೆ ಕರೆಂಟಿಗೆ ಒಂದು ತಂತಿ ಹೋಗಲೇಬೇಕು. ಹೇಗೂ ಏಣಿ ಹತ್ತಿ ತಂತಿ ಎಳೆಯುವುದಾದರೆ ಕ್ಯಾಟ್ 6 ಅನ್ನೇ ಎಳೆದುಬಿಡಿ.

2. ದಾರಿ ಅಳೆಯಿರಿ

ರೆಕಾರ್ಡರ್ ಎಲ್ಲಿಡುತ್ತೀರಿ ಅಂತ ಮೊದಲು ನಿರ್ಧರಿಸಿ. ಹಾಲಿನ ಟಿವಿ ಕೆಳಗೆ ಬೇಡ. ಕಳ್ಳ ಬಂದರೆ ಮೊದಲು ಕಾಣುವುದು ಅದೇ. ಗಾಳಿಯಾಡುವ, ಇನ್ವರ್ಟರ್ ಪಾಯಿಂಟ್ ಇರುವ, ಬೀಗ ಹಾಕಬಹುದಾದ ಜಾಗ ನೋಡಿ. ಕರೆಂಟು ಹೋದಾಗ ರೆಕಾರ್ಡರ್, ಪಿಒಇ ಸ್ವಿಚ್ (ಐಪಿ ಕ್ಯಾಮೆರಾಗಳ ಕೇಬಲ್ ಬಂದು ಸೇರುವ, ಅವಕ್ಕೆ ಕರೆಂಟು ಕೊಡುವ ಡಬ್ಬಿ), ರೂಟರ್ ಮೂರೂ ಇನ್ವರ್ಟರ್ ಮೇಲಿರಬೇಕು. ರೂಟರ್ ಮರೆತರೆ ರೆಕಾರ್ಡಿಂಗ್ ನಡೆಯುತ್ತಿರುತ್ತದೆ, ಮೊಬೈಲಲ್ಲಿ ಮಾತ್ರ ಏನೂ ಕಾಣುವುದಿಲ್ಲ.

ಅಲ್ಲಿಂದ ಪ್ರತಿ ಕ್ಯಾಮೆರಾಗೆ ಕೇಬಲ್ ಹೋಗುವ ದಾರಿಯನ್ನು ಟೇಪಿನಲ್ಲಿ ಅಳೆಯಿರಿ. ನೇರ ದೂರವನ್ನಲ್ಲ, ಗೋಡೆ ಹತ್ತಿ, ಸಜ್ಜಾ ಬಳಸಿ, ಮೂಲೆ ತಿರುಗಿ ಹೋಗುವ ದೂರವನ್ನು. ಕಣ್ಣಿಗೆ 12 ಮೀಟರ್ ಅನ್ನಿಸುವುದು ಟೇಪಿನಲ್ಲಿ 25 ಆಗುವುದು ಮಾಮೂಲಿ. ಎರಡೂ ತುದಿಗೆ ಒಂದೂವರೆ ಮೀಟರ್ ಸೇರಿಸಿಕೊಳ್ಳಿ.

ಪ್ರತಿ ಕ್ಯಾಮೆರಾದಿಂದ ರೆಕಾರ್ಡರ್ ತನಕ ಒಂದು ಇಡೀ ಕೇಬಲ್. ನಡುವೆ ಜಾಯಿಂಟ್ ಇರಬಾರದು. ಒಂದೇ ಕ್ಯಾಟ್ 6 ಕೇಬಲ್‌ನ ಜೋಡಿಗಳನ್ನು ಹಂಚಿ ಎರಡು ಕ್ಯಾಮೆರಾ ಓಡಿಸುವ ಕೈಚಳಕವೂ ಬೇಡ.

ಸ್ವಿಚ್‌ನಿಂದ ಕ್ಯಾಮೆರಾವರೆಗೆ ಕ್ಯಾಟ್ 6ರ ಮಿತಿ 100 ಮೀಟರ್. ಊರೊಳಗಿನ ಸೈಟುಗಳಲ್ಲಿ ಇದು ಸಮಸ್ಯೆಯಲ್ಲ.

3. ಕೇಬಲ್ ಕೊಳ್ಳುವಾಗ

ಬಹಳ ಜನ ಮೋಸ ಹೋಗುವುದು ಇಲ್ಲೇ. ಮಾರುಕಟ್ಟೆಯಲ್ಲಿ ಎರಡು ಥರದ ಕ್ಯಾಟ್ 6 ಸಿಗುತ್ತದೆ. ಒಂದು ಪೂರ್ತಿ ತಾಮ್ರ. ಇನ್ನೊಂದು ಸಿಸಿಎ, ಅಂದರೆ ಅಲ್ಯೂಮಿನಿಯಂ ತಂತಿಗೆ ತೆಳ್ಳಗೆ ತಾಮ್ರ ಲೇಪಿಸಿದ್ದು. ಡಬ್ಬಿ ಒಂದೇ ಥರ, ಬಣ್ಣ ಒಂದೇ ಥರ, ಬೆಲೆ ಮಾತ್ರ ಕಡಿಮೆ. ಸಿಸಿಎ ತಂತಿಯಲ್ಲಿ ಕರೆಂಟಿಗೆ ಅಡ್ಡಿ, ಅಂದರೆ ರೆಸಿಸ್ಟೆನ್ಸ್, ತಾಮ್ರದ ಒಂದೂವರೆ ಪಟ್ಟಿಗಿಂತಲೂ ಜಾಸ್ತಿ. ನಾಲ್ಕು ಸಲ ಬಾಗಿಸಿದರೆ ಮುರಿಯುತ್ತದೆ. ಕನೆಕ್ಟರಿನೊಳಗೆ ತೇವ ಸೇರಿದರೆ ಬೇಗ ಹಾಳಾಗುತ್ತದೆ. ಕರೆಂಟೂ ಅದರಲ್ಲೇ ಹೋಗುವ ಪಿಒಇಗೆ ಇದನ್ನು ತರಲೇಬೇಡಿ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೇ ಕೊಳ್ಳಿ, ನಿಮ್ಮ ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಕೊಳ್ಳಿ, ಹೀಗೆ ನೋಡಿ:

ಮೊದಲು ಹೊದಿಕೆಯ ಮೇಲಿನ ಸಣ್ಣ ಅಕ್ಷರ ಓದಿ. 23 ಅಥವಾ 24 ಎಡಬ್ಲ್ಯೂಜಿ ಅಂತ ಇರಬೇಕು. ಇದು ತಂತಿಯ ದಪ್ಪದ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ತಂತಿ ದಪ್ಪ. ಎಷ್ಟೋ ಸಲ ಸಿಸಿಎ ಅಂತ ಅಲ್ಲೇ ಪ್ರಿಂಟ್ ಆಗಿರುತ್ತದೆ, ಯಾರೂ ಓದಿರುವುದಿಲ್ಲ.

ಆಮೇಲೆ ಒಂದು ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ.

ಕೊನೆಗೆ ಡಬ್ಬಿ ಎತ್ತಿ ನೋಡಿ. ಪೂರ್ತಿ ಡಬ್ಬಿಯಲ್ಲಿ 305 ಮೀಟರ್ ಇರುತ್ತದೆ. 23 ಎಡಬ್ಲ್ಯೂಜಿಯ ಎಂಟು ತಂತಿ ಅಷ್ಟು ಉದ್ದಕ್ಕೆ ಸೇರಿದರೆ ತಾಮ್ರವೊಂದೇ ಸುಮಾರು ಐದೂವರೆ ಕಿಲೋ ತೂಗಬೇಕು. ಪ್ಲಾಸ್ಟಿಕ್ಕಿನ ತೂಕ ಬೇರೆ. ಇಡೀ ಡಬ್ಬಿಯೇ ಐದಾರು ಕಿಲೋ ಇದೆ ಅಂದರೆ ಲೆಕ್ಕ ನೀವೇ ಹಾಕಿ.

ಬಿಡಿಯಾಗಿ ಮೀಟರ್ ಲೆಕ್ಕದಲ್ಲಿ ಕೊಂಡರೆ ಹೊದಿಕೆಯ ಮೇಲೆ ಪ್ರತಿ ಮೀಟರಿಗೆ ಅಚ್ಚಾಗಿರುವ ಸಂಖ್ಯೆ ನೋಡಿ. ಮೊದಲ ತುದಿಯಲ್ಲಿ 112, ಕೊನೆಯಲ್ಲಿ 172 ಇದ್ದರೆ 60 ಮೀಟರ್. ಅಂಗಡಿಯವರ ಮೊಳದ ಲೆಕ್ಕ ಬೇಕಿಲ್ಲ.

ಹೊರಗೋಡೆಯ ಮೇಲೆ ಹೋಗುವ ಭಾಗಕ್ಕೆ ‘ಔಟ್‌ಡೋರ್’ ಅಂತಲೇ ಕೇಳಿ. ಅದರ ಹೊದಿಕೆ ಕಪ್ಪು ಪಾಲಿಎಥಿಲೀನ್. ಒಳಾಂಗಣದ ಬೂದು ಪಿವಿಸಿ ಹೊದಿಕೆ ನಮ್ಮ ಬಿಸಿಲಿಗೆ ಕೆಲವು ವರ್ಷಗಳಲ್ಲೇ ಸೀಳುತ್ತದೆ. ಸೀಳಿದ ಜಾಗದಿಂದ ಮಳೆನೀರು ಒಳಗಿಳಿಯುತ್ತದೆ.

ಕ್ಯಾಟ್ 6ಎ, ಕ್ಯಾಟ್ 7 ಬೇಕಾ? ಬೇಡ. ಮನೆಯ 4 ಮೆಗಾಪಿಕ್ಸೆಲ್ ಕ್ಯಾಮೆರಾ ಕಳಿಸುವುದು ಸೆಕೆಂಡಿಗೆ ಹೆಚ್ಚೆಂದರೆ ಕೆಲವೇ ಮೆಗಾಬಿಟ್. ವೇಗದ ಲೆಕ್ಕಕ್ಕೆ ಕ್ಯಾಟ್ 5ಇ ಕೂಡ ಧಾರಾಳ. ಕ್ಯಾಟ್ 6 ಅನ್ನುತ್ತಿರುವುದು ಅದರ ತಂತಿ ಸ್ವಲ್ಪ ದಪ್ಪ ಅನ್ನುವ ಕಾರಣಕ್ಕೆ. ಶೀಲ್ಡ್ ಇರುವ ಕೇಬಲ್, ಅಂದರೆ ಒಳಗೆ ಬೆಳ್ಳಿ ಬಣ್ಣದ ಹಾಳೆ ಸುತ್ತಿದ್ದು, ಸರಿಯಾಗಿ ಅರ್ಥಿಂಗ್ ಮಾಡಿಸಿದರೆ ಮಾತ್ರ ಪ್ರಯೋಜನಕ್ಕೆ ಬರುತ್ತದೆ.

4. ಡಿವಿಆರ್‌ನವರಿಗೆ: ರಾತ್ರಿ ಕ್ಯಾಮೆರಾ ಯಾಕೆ ಸಾಯುತ್ತದೆ?

ಐಪಿ ಕ್ಯಾಮೆರಾ ಹಾಕಿಸುವವರು ಈ ಹಂತದ ಕೊನೆಯ ಪ್ಯಾರಾ ಮಾತ್ರ ಓದಿದರೆ ಸಾಕು.

ಕತ್ತಲಾದ ಮೇಲೆ ಕ್ಯಾಮೆರಾದ ಐಆರ್ ದೀಪಗಳು ಹತ್ತಿಕೊಳ್ಳುತ್ತವೆ. ಕತ್ತಲಲ್ಲಿ ನೋಡಲು ಬೇಕಾದ, ಕಣ್ಣಿಗೆ ಕಾಣದ ಬೆಳಕು ಅದು. ಆಗ ಕ್ಯಾಮೆರಾ ಎಳೆಯುವ ಕರೆಂಟು ಒಮ್ಮೆಲೇ ಏರುತ್ತದೆ. ಅರ್ಧ ಆಂಪಿಯರ್ ಅಂತ ಇಟ್ಟುಕೊಳ್ಳಿ. ಅಗ್ಗದ ತ್ರೀ ಪ್ಲಸ್ ಒನ್‌ನಲ್ಲಿ ಕರೆಂಟಿನ ತಂತಿ 0.2 ಚದರ ಮಿಲಿಮೀಟರ್‌ನಷ್ಟು ತೆಳ್ಳಗಿದ್ದರೆ, 30 ಮೀಟರ್ ದೂರಕ್ಕೆ ಹೋಗಿ ಬರುವ 60 ಮೀಟರ್ ತಂತಿಯಲ್ಲಿ ಸುಮಾರು 5 ಓಮ್ ಅಡ್ಡಿ ಇರುತ್ತದೆ. ಅರ್ಧ ಆಂಪಿಯರಿಗೆ ಎರಡೂವರೆ ವೋಲ್ಟ್ ದಾರಿಯಲ್ಲೇ ಹೋಯಿತು. ಹೊರಟಾಗ 12 ವೋಲ್ಟ್, ಮುಟ್ಟಿದಾಗ ಒಂಬತ್ತೂವರೆ. ಕ್ಯಾಮೆರಾ ಆಫ್ ಆಗುತ್ತದೆ. ಆಫ್ ಆದ ಕೂಡಲೇ ಲೋಡ್ ಇಳಿದು ವೋಲ್ಟೇಜ್ ಏರುತ್ತದೆ, ಮತ್ತೆ ಆನ್. ಬೆಳಗಿನ ತನಕ ಇದೇ ಆಟ.

ಅದೇ ತಂತಿ 0.5 ಚದರ ಮಿಲಿಮೀಟರಿನ ಶುದ್ಧ ತಾಮ್ರವಾದರೆ ಇಳಿಯುವುದು ಸುಮಾರು ಒಂದು ವೋಲ್ಟ್. 11 ವೋಲ್ಟಿನಲ್ಲಿ ಕ್ಯಾಮೆರಾ ಆರಾಮಾಗಿ ಓಡುತ್ತದೆ. ದೂರದ ಕ್ಯಾಮೆರಾಗೆ ದಪ್ಪ ತಂತಿ ಹಾಕಿ. ಇಲ್ಲವೇ ಆ ಕ್ಯಾಮೆರಾ ಹತ್ತಿರದ ಪಾಯಿಂಟಿನಿಂದಲೇ 12 ವೋಲ್ಟ್ ಅಡಾಪ್ಟರ್ ಕೊಡಿ.

ಎಚ್ಚರಿಕೆ: ಕೆಲವರು ಎಸ್‌ಎಂಪಿಎಸ್‌ನ, ಅಂದರೆ ಎಲ್ಲ ಕ್ಯಾಮೆರಾಗಳಿಗೂ 12 ವೋಲ್ಟ್ ಕೊಡುವ ಡಬ್ಬಿಯ, ಸಣ್ಣ ಸ್ಕ್ರೂ ತಿರುಗಿಸಿ ವೋಲ್ಟೇಜ್ ಏರಿಸುತ್ತಾರೆ. ದೂರದ ಕ್ಯಾಮೆರಾ ಬದುಕುತ್ತದೆ, ಹತ್ತಿರದ್ದಕ್ಕೆ ಜಾಸ್ತಿ ವೋಲ್ಟೇಜ್ ಹೊಡೆಯುತ್ತದೆ.

ಪಿಒಇಯಲ್ಲಿ ಈ ತೊಂದರೆ ಯಾಕೆ ಕಡಿಮೆ? ಅದು 48 ವೋಲ್ಟಿನ ಆಸುಪಾಸಿನಲ್ಲಿ ಕಳಿಸುತ್ತದೆ. 6 ವಾಟಿನ ಕ್ಯಾಮೆರಾಗೆ 12 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಬೇಕಾದರೆ, 48ರಲ್ಲಿ ಅದರ ಕಾಲುಭಾಗ ಸಾಕು. ಆದರೆ ಸ್ವಿಚ್ ಕೊಳ್ಳುವಾಗ 802.3ಎಎಫ್ ಅಥವಾ 802.3ಎಟಿ ಅಂತ ಬರೆದಿದೆಯಾ ನೋಡಿ. ಮೊದಲನೆಯದು ಒಂದು ಪೋರ್ಟಿಗೆ 15.4 ವಾಟ್, ಎರಡನೆಯದು 30 ವಾಟ್ ತನಕ ಕೊಡುತ್ತದೆ. ‘ಪ್ಯಾಸಿವ್ ಪಿಒಇ’ ಅಂತಿದ್ದರೆ ಬಿಡಿ. ಕೊನೆಯಲ್ಲಿರುವುದು ಕ್ಯಾಮೆರಾನಾ ಲ್ಯಾಪ್‌ಟಾಪಾ ಅಂತ ಕೇಳದೆ ಅದು ಕರೆಂಟು ಕಳಿಸುತ್ತದೆ.

5. ಪೈಪ್ ಹಾಕಿ

ಮನೆ ಇನ್ನೂ ಕಟ್ಟುತ್ತಿದ್ದರೆ ನಿಮ್ಮದು ಅದೃಷ್ಟ. ಸ್ಲ್ಯಾಬ್ ಹಾಕುವ ಮುಂಚೆ, ಗಾರೆಯಾಗುವ ಮುಂಚೆ, ಕ್ಯಾಮೆರಾ ಬರಬಹುದಾದ ಪ್ರತಿ ಮೂಲೆಗೂ 25 ಮಿಲಿಮೀಟರ್ ಪಿವಿಸಿ ಪೈಪ್ ಬಿಡಿಸಿ. ಒಳಗೊಂದು ಜಿಐ ತಂತಿ, ಅಂದರೆ ಸತು ಲೇಪಿಸಿದ ಕಬ್ಬಿಣದ ತಂತಿ, ಎಳೆದಿಟ್ಟಿರಿ. ಕ್ಯಾಮೆರಾ ಐದು ವರ್ಷ ಬಿಟ್ಟು ಹಾಕಿದರೂ ಪರವಾಗಿಲ್ಲ. ಎಲೆಕ್ಟ್ರಿಷಿಯನ್‌ಗೆ ಒಂದು ಮಾತು ಒತ್ತಿ ಹೇಳಿ: ಎಲ್ಬೋ ಬೇಡ, ಬೆಂಡ್ ಹಾಕಿ. ಎಲ್ಬೋ ಅಂದರೆ ತಟ್ಟನೆ ತಿರುಗುವ ಮೂಲೆ, ಕೇಬಲ್ ಅಲ್ಲಿ ಸಿಕ್ಕಿಬೀಳುತ್ತದೆ. ಎರಡು ಬೆಂಡ್ ದಾಟಿದ ಮೇಲೆ ನಡುವೆ ಒಂದು ಬಾಕ್ಸ್ ಇರಲಿ.

ಕಟ್ಟಿದ ಮನೆಯಾದರೆ ಹೊರಗೋಡೆಯ ಮೇಲೆ ಸ್ಯಾಡಲ್ ಹೊಡೆದು ಪೈಪ್ ಹಾಕಿ. ಒಳಗೆ ಕೇಸಿಂಗ್ ಪಟ್ಟಿ ಸಾಕು. ಬಾಡಿಗೆ ಮನೆಯವರಿಗೂ ಅದೇ ಸರಿ. ಬರೀ ಕೇಬಲ್‌ಗೆ ಮೊಳೆಕ್ಲಿಪ್ ಹೊಡೆದುಕೊಂಡು ಹೋಗುವುದು ಅಗ್ಗ, ಆದರೆ ಇಲಿಗೂ ಅಳಿಲಿಗೂ ಅದು ಹಬ್ಬ. ಕೋತಿ ಕಾಟ ಇರುವ ಕಡೆ ಇಳಿಬಿದ್ದ ಕೇಬಲ್ ಅಂದರೆ ಉಯ್ಯಾಲೆ.

ಮನೆಯ 230 ವೋಲ್ಟ್ ವೈರಿಂಗ್ ಇರುವ ಪೈಪಿನೊಳಗೇ ಕ್ಯಾಮೆರಾ ಕೇಬಲ್ ತೂರಿಸಬೇಡಿ. ‘ಜಾಗ ಇದೆ ಸಾರ್, ಅದರಲ್ಲೇ ಎಳೀತೀನಿ’ ಅಂತ ಕೆಲಸದವರು ಹೇಳಿಯೇ ಹೇಳುತ್ತಾರೆ, ಒಪ್ಪಬೇಡಿ. ಹೊದಿಕೆ ಎಲ್ಲೋ ಒಂದು ಕಡೆ ತರಚಿ ಎರಡೂ ತಾಗಿದರೆ ಕ್ಯಾಮೆರಾ, ರೆಕಾರ್ಡರ್ ಸುಡುವುದಷ್ಟೇ ಅಲ್ಲ, ಮುಟ್ಟಿದವರಿಗೂ ಶಾಕ್ ಹೊಡೆಯುತ್ತದೆ. ಪಕ್ಕಪಕ್ಕ ಹೋಗುವಾಗ ಒಂದು ಅಡಿ ಅಂತರ ಇರಲಿ. ದಾಟಲೇಬೇಕಾದರೆ ಅಡ್ಡಡ್ಡ, ಪ್ಲಸ್ ಗುರುತಿನ ಹಾಗೆ ದಾಟಿಸಿ. ಚಿತ್ರದ ಮೇಲೆ ಗೆರೆ ಓಡುವ ದೂರಿಗೆ ಡಿವಿಆರ್ ಮನೆಗಳಲ್ಲಿ ಇದೂ ಒಂದು ಕಾರಣ.

ಡ್ರಿಲ್ ಹಿಡಿಯುವ ಮುಂಚೆ ಸ್ವಿಚ್‌ಬೋರ್ಡ್ ಎಲ್ಲಿದೆ ನೋಡಿಕೊಳ್ಳಿ. ಅದರ ನೇರ ಮೇಲೆ, ನೇರ ಕೆಳಗೆ ಒಳವೈರಿಂಗ್ ಇರುವ ಸಾಧ್ಯತೆ ಜಾಸ್ತಿ. ಆ ಭಾಗದ ಎಂಸಿಬಿ ಇಳಿಸಿಯೇ ತೂತು ಹಾಕಿ. ತೂತು ಒಳಗಿನಿಂದ ಹೊರಕ್ಕೆ ಸ್ವಲ್ಪ ಕೆಳಮುಖವಾಗಿ ಇಳಿಯಬೇಕು. ಇಲ್ಲದಿದ್ದರೆ ಮಳೆನೀರು ಅದೇ ದಾರಿ ಹಿಡಿದು ಹಾಲಿನ ಗೋಡೆಗೆ ಬರುತ್ತದೆ.

6. ಎಳೆಯುವುದು

ಇಬ್ಬರಿದ್ದರೆ ಒಳ್ಳೆಯದು. ಒಬ್ಬರು ಒಂದು ತುದಿಯಲ್ಲಿ ನಯವಾಗಿ ಎಳೆಯಬೇಕು, ಇನ್ನೊಬ್ಬರು ಇತ್ತ ಕಡೆಯಿಂದ ಸಿಕ್ಕಾಗದ ಹಾಗೆ ಬಿಡುತ್ತಾ ಹೋಗಬೇಕು. ಕನೆಕ್ಟರ್ ಹಾಕದ ಬರಿಯ ತುದಿಯನ್ನು ಜಿಐ ತಂತಿಗೋ ಕೇಬಲ್ ಎಳೆಯುವ ಸ್ಪ್ರಿಂಗಿಗೋ ಕಟ್ಟಿ, ಟೇಪ್ ಸುತ್ತಿ ಚೂಪು ಮಾಡಿ.

ಕ್ಯಾಟ್ 6 ತಡೆಯುವ ಎಳೆತ ಸುಮಾರು 11 ಕಿಲೋ ಭಾರದಷ್ಟು. ಅದಕ್ಕಿಂತ ಜೋರಾಗಿ ಜಗ್ಗಿದರೆ ಒಳಗಿನ ಜೋಡಿಗಳ ಹೊಸೆತ ಸಡಿಲವಾಗುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಸಿಕ್ಕಿಕೊಂಡರೆ ಹಿಂದಕ್ಕೆ ಬಿಟ್ಟು ಮತ್ತೆ ಎಳೆಯಿರಿ. ತಿರುವಿನಲ್ಲಿ ಮಡಚಬೇಡಿ, ಕೇಬಲ್ ದಪ್ಪದ ನಾಲ್ಕು ಪಟ್ಟಾದರೂ ತ್ರಿಜ್ಯ ಸಿಗುವ ಹಾಗೆ ಬಳಸಿ. ಕೇಬಲ್ ಟೈ ಹಾಕುವಾಗ ಹೊದಿಕೆ ಒತ್ತಿ ಸೊಟ್ಟಗಾಗುವಷ್ಟು ಬಿಗಿಯುವುದೂ ಬೇಡ.

ಎಳೆಯುವ ಮುಂಚೆಯೇ ಎರಡೂ ತುದಿಗೆ ಹೆಸರು ಬರೆದು ಅಂಟಿಸಿ: ಗೇಟು, ಕಾರು, ಹಿತ್ತಲು, ಮೆಟ್ಟಿಲು. ನಾಲ್ಕು ಕಪ್ಪು ಕೇಬಲ್ ಒಟ್ಟಿಗೆ ಬಂದು ಬಿದ್ದ ಮೇಲೆ ಯಾವುದು ಯಾವುದು ಅಂತ ಹುಡುಕುವ ಕೆಲಸ ಬೇಸರದ್ದು.

7. ಕನೆಕ್ಟರ್, ಮತ್ತೆ ನೀರು

ಆರ್‌ಜೆ 45 ಅಂದರೆ ಇಂಟರ್ನೆಟ್ ಕೇಬಲ್ ತುದಿಯ ಪಾರದರ್ಶಕ ಪ್ಲಗ್. ಅದರ ಲಾಕ್ ಕೆಳಗೆ, ತಂತಿ ತೂರಿಸುವ ಬಾಯಿ ನಿಮ್ಮ ಕಡೆಗೆ ಇರುವ ಹಾಗೆ ಹಿಡಿದರೆ ಎಡದಿಂದ ಬಲಕ್ಕೆ ಬಣ್ಣ ಹೀಗೆ ಬರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ.

‘ಎರಡೂ ಕಡೆ ಒಂದೇ ಥರ ಇದ್ದರೆ ಸಾಕು, ಕ್ರಮ ಯಾವುದಾದರೇನು’ ಅನ್ನುವವರಿದ್ದಾರೆ. ಅದು ತಪ್ಪು. ಹಸಿರಿನ ಜೋಡಿ ನೀಲಿಯನ್ನು ನಡುವೆ ಬಿಟ್ಟು 3 ಮತ್ತು 6ನೇ ಪಿನ್‌ಗೆ ಹೋಗುವುದಕ್ಕೆ ಕಾರಣ ಇದೆ. ಆ ಎರಡು ಪಿನ್ ಒಂದೇ ಸಿಗ್ನಲ್ಲಿನ ಹೋಗುಬರು. ಅವು ಒಟ್ಟಿಗೆ ಹೊಸೆದ ತಂತಿಗಳೇ ಆಗಿರಬೇಕು. ಬಣ್ಣಗಳನ್ನು ಸುಮ್ನೆ ಜೋಡಿ ಜೋಡಿಯಾಗಿ ಸಾಲಾಗಿ ಕೂರಿಸಿದರೆ ಟೆಸ್ಟರ್ ದೀಪ ಎಲ್ಲಾ ಸರಿಯಾಗಿ ಹತ್ತುತ್ತವೆ, 5 ಮೀಟರಿಗೆ ಚಿತ್ರವೂ ಬರುತ್ತದೆ. 40 ಮೀಟರಿಗೆ ಹೋದಾಗ ತೊಂದರೆ ಶುರು.

ಕ್ರಿಂಪ್ ಮಾಡುವಾಗ, ಅಂದರೆ ಪ್ಲಗ್ಗನ್ನು ಇಕ್ಕಳದಲ್ಲಿ ಒತ್ತುವಾಗ, ಹೊರಹೊದಿಕೆಯೂ ಪ್ಲಗ್ಗಿನೊಳಗೆ ಬಂದಿರಬೇಕು. ಸಣ್ಣ ತಂತಿಗಳು ಹೊರಗೆ ಕಾಣುತ್ತಿದ್ದರೆ ಕತ್ತರಿಸಿ ಮತ್ತೆ ಮಾಡಿ. ಇಂಥ ಪ್ಲಗ್ ಒಂದು ಸಲ ಜಗ್ಗಿದರೆ ಕಳಚುತ್ತದೆ.

ಐಪಿ ಕ್ಯಾಮೆರಾ ಡಬ್ಬಿಯಲ್ಲಿ ನೀರು ತಡೆಯುವ ಪ್ಲಾಸ್ಟಿಕ್ ಮುಚ್ಚಳದ ಸೆಟ್ ಬರುತ್ತದೆ: ನಟ್ಟು, ರಬ್ಬರ್ ರಿಂಗು, ಕೊಳವೆ. ಅವುಗಳನ್ನು ಕ್ರಿಂಪ್ ಮಾಡುವ ಮುಂಚೆಯೇ ಕೇಬಲ್‌ಗೆ ತೂರಿಸಿಕೊಳ್ಳಬೇಕು. ಪ್ಲಗ್ ಕೂರಿಸಿದ ಮೇಲೆ ಅವು ತೂರುವುದಿಲ್ಲ. ಆಗ ಎಲ್ಲರೂ ಮಾಡುವುದು ಒಂದೇ, ಮುಚ್ಚಳ ಪಕ್ಕಕ್ಕೆಸೆದು ಕಪ್ಪು ಟೇಪ್ ಸುತ್ತುವುದು. ಮೊದಲ ಮಳೆಗಾಲಕ್ಕೆ ಟೇಪಿನ ಅಂಟು ಬಿಡುತ್ತದೆ. ಪಿಒಇಯ ಕರೆಂಟು ಇರುವ ಪಿನ್‌ಗೆ ತೇವ ತಾಗಿದರೆ ಅದು ಹಸಿರು ಕಿಲುಬು ಹಿಡಿಯುತ್ತದೆ. ‘ಮಳೆ ಬಂದರೆ ಗೇಟಿನ ಕ್ಯಾಮೆರಾ ಹೋಗುತ್ತೆ’ ಅನ್ನುವವರು ಮೊದಲು ಆ ಪ್ಲಗ್ ಬಿಚ್ಚಿ ನೋಡಿ.

ಕ್ಯಾಮೆರಾ ಹಿಂದೆ ಒಂದು ನಾಲ್ಕಿಂಚಿನ ಪಿವಿಸಿ ಬಾಕ್ಸ್ ಕೂರಿಸಿ, ಎಲ್ಲಾ ಕನೆಕ್ಟರ್ ಅದರೊಳಗೆ ಇಡಿ. ಕೇಬಲ್ ಬಾಕ್ಸಿಗೆ ಕೆಳಗಿನಿಂದ ಬರಲಿ. ಅದಕ್ಕೂ ಮುಂಚೆ ಒಂದು ಸಣ್ಣ ಕುಣಿಕೆ ಇಳಿಬಿಡಿ, ನೀರು ಆ ಕುಣಿಕೆಯ ತಳದಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಗೋಡೆಯ ತೂತಿಗೆ ಸಿಲಿಕಾನ್ ಹಚ್ಚಿ. ಬಾಕ್ಸಿನ ತಳ ಮಾತ್ರ ಪೂರ್ತಿ ಮುಚ್ಚಬೇಡಿ, ಒಳಗೆ ಸೇರಿದ ತೇವ ಹೊರಗೆ ಹೋಗಬೇಕಲ್ಲ.

8. ಶೆಡ್ಡು, ಅಡಿಕೆ ಅಂಗಳ, ಪಂಪ್‌ಹೌಸ್

ಮನೆಯಿಂದ 150, 200 ಮೀಟರ್ ದೂರದಲ್ಲಿ ಅಡಿಕೆ ಒಣಗಿಸುವ ಅಂಗಳ ಇದೆ, ಅಲ್ಲಿಗೊಂದು ಕ್ಯಾಮೆರಾ ಬೇಕು. ಮಲೆನಾಡಿನಿಂದ, ಕರಾವಳಿಯಿಂದ ಬರುವ ಪ್ರಶ್ನೆ ಇದು. ಕೆಲವು ಪಿಒಇ ಸ್ವಿಚ್‌ಗಳಲ್ಲಿ ‘ಎಕ್ಸ್‌ಟೆಂಡ್’ ಅಂತ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ವೇಗ 10 ಮೆಗಾಬಿಟ್‌ಗೆ ಇಳಿದು 250 ಮೀಟರ್ ತನಕ ಹೋಗುತ್ತದೆ ಅನ್ನುತ್ತಾರೆ. ಒಳ್ಳೆಯ ತಾಮ್ರವಾದರೆ ಒಂದು ಕ್ಯಾಮೆರಾಗೆ ಕೆಲಸ ನಡೆಯುತ್ತದೆ.

ಆದರೂ ಎರಡು ಕಟ್ಟಡಗಳ ನಡುವೆ ತಾಮ್ರ ಎಳೆಯಬೇಡಿ ಅನ್ನುವುದೇ ನನ್ನ ಸಲಹೆ. ಕಾರಣ ಸಿಡಿಲು. ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಗೊತ್ತಲ್ಲ. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೂ ಉದ್ದದ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಚಿಮ್ಮುತ್ತದೆ, ಅದು ನೇರ ಮನೆಯೊಳಗಿನ ರೆಕಾರ್ಡರಿಗೆ, ರೂಟರಿಗೆ ಬರುತ್ತದೆ.

ಇದಕ್ಕೆ ಫೈಬರ್ ಸರಿ. ಮನೆಗೆ ಇಂಟರ್ನೆಟ್ ತರುವ ತೆಳ್ಳನೆಯ ಕಪ್ಪು ಕೇಬಲ್ ನೋಡಿದ್ದೀರಲ್ಲ, ಅದೇ. ಗಾಜಿನ ಎಳೆಯಲ್ಲಿ ಬೆಳಕು ಹೋಗುತ್ತದೆಯೇ ಹೊರತು ಕರೆಂಟು ಹೋಗುವುದಿಲ್ಲ. ಆಧಾರಕ್ಕೆ ಉಕ್ಕಿನ ತಂತಿ ಇರುವ ಕೇಬಲ್ ಆದರೆ ಆ ತಂತಿಯನ್ನು ಮನೆಯ ಹೊರಗೇ ಕತ್ತರಿಸಿಬಿಡಿ. ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್, ಅಂದರೆ ಬೆಳಕನ್ನು ಇಂಟರ್ನೆಟ್ ಸಿಗ್ನಲ್ಲಿಗೆ ಬದಲಿಸುವ ಪುಟ್ಟ ಡಬ್ಬಿ ಬೇಕು. ಶೆಡ್ಡಿನ ಕಡೆ ಕರೆಂಟು ಅಲ್ಲಿಯದೇ ಕೊಡಿ. ತುದಿ ಬೆಸೆಯಲು ಊರಿನ ಇಂಟರ್ನೆಟ್ ಹುಡುಗರ ಹತ್ತಿರ ಯಂತ್ರ ಇರುತ್ತದೆ, ಕೇಳಿದರೆ ಬಂದು ಮಾಡಿಕೊಡುತ್ತಾರೆ.

ನೆಲದಲ್ಲಿ ಹೂಳುವುದಾದರೆ ಒಂದೂವರೆಯಿಂದ ಎರಡು ಅಡಿ ಆಳ, ಪೈಪಿನೊಳಗೆ, ಮೇಲೊಂದು ಸಾಲು ಇಟ್ಟಿಗೆ. ತೋಟದಲ್ಲಿ ಗುದ್ದಲಿ, ಪಿಕಾಸಿ ಬೀಳುತ್ತಲೇ ಇರುತ್ತದೆ. ದಾರಿ ಎಲ್ಲಿ ಹೋಗಿದೆ ಅಂತ ಮುಚ್ಚುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ.

9. ಪರೀಕ್ಷೆ

ಪೈಪ್ ಮುಚ್ಚಳ ಹಾಕುವ, ಕೆಲಸದವರಿಗೆ ದುಡ್ಡು ಕೊಡುವ ಮುಂಚೆ ಇಷ್ಟು ಮಾಡಿ.

ಎಂಟು ದೀಪದ ಟೆಸ್ಟರಿನಲ್ಲಿ ಪ್ರತಿ ಕೇಬಲ್ ನೋಡಿ. ಇದರಿಂದ ಗೊತ್ತಾಗುವುದು ತಂತಿ ಕೂಡಿದೆಯಾ ಇಲ್ಲವಾ ಅನ್ನುವುದಷ್ಟೇ. ಸಿಸಿಎ ಕೇಬಲ್ ಕೂಡ ಇದರಲ್ಲಿ ಪಾಸಾಗುತ್ತದೆ.

ತಾಮ್ರ ಹೌದೋ ಅಲ್ಲವೋ ಗೊತ್ತಾಗಬೇಕಾದರೆ ಮಲ್ಟಿಮೀಟರ್ ಬೇಕು. ಪ್ಲಗ್ ಹಾಕುವ ಮುಂಚೆ ಒಂದು ತುದಿಯಲ್ಲಿ ಕಿತ್ತಳೆ ಜೋಡಿಯ ಎರಡು ತಂತಿ ಒಟ್ಟಿಗೆ ತಿರುಚಿ. ಇನ್ನೊಂದು ತುದಿಯಲ್ಲಿ ಅವೆರಡರ ನಡುವೆ ಓಮ್ ಅಳೆಯಿರಿ. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದಾಗ ತೋರಿಸುವಷ್ಟನ್ನು ಕಳೆಯಿರಿ. 30 ಮೀಟರ್ ಕೇಬಲ್‌ಗೆ 4ರಿಂದ 5 ಓಮ್ ಬಂದರೆ ತಾಮ್ರ. 7, 8 ಬಂದರೆ ಅಂಗಡಿಗೆ ವಾಪಸ್ ತೆಗೆದುಕೊಂಡು ಹೋಗಿ.

ಆಮೇಲೆ ಕತ್ತಲಾಗುವ ತನಕ ಕಾಯಿರಿ. ಹಗಲಿನ ಚಿತ್ರ ನೋಡಿ ‘ಆಯ್ತು’ ಅನ್ನಬೇಡಿ. ನಾಲ್ಕೂ ಕ್ಯಾಮೆರಾಗಳ ಐಆರ್ ಒಟ್ಟಿಗೆ ಹತ್ತಿದ ಮೇಲೆ ಒಂದು ಗಂಟೆ ನೋಡಿ. ಮೇನ್ ಇಳಿಸಿ ಇನ್ವರ್ಟರಿನಲ್ಲೂ ನೋಡಿ. ಹೊರಗಿನ ಬಾಕ್ಸಿನ ಮೇಲೆ ಪೈಪಿನಿಂದ ನೀರು ಬಿಟ್ಟು, ಮಾರನೇ ದಿನ ಮುಚ್ಚಳ ತೆಗೆದು ಒಳಗೆ ಒಣಗಿದೆಯಾ ನೋಡಿ.

ಯಾವುದಾದರೂ ಒಂದು ಕ್ಯಾಮೆರಾ ತೊಂದರೆ ಕೊಟ್ಟರೆ ಅದನ್ನು ಕೆಳಗಿಳಿಸಿ, ಎರಡು ಮೀಟರಿನ ಸಣ್ಣ ಕೇಬಲ್‌ನಲ್ಲಿ ನೇರ ಸ್ವಿಚ್‌ಗೆ ಹಾಕಿ. ಅಲ್ಲಿ ಇಡೀ ರಾತ್ರಿ ಸರಿಯಾಗಿ ಓಡಿದರೆ ಕ್ಯಾಮೆರಾ ವಾಪಸ್ ಕಳಿಸಬೇಡಿ. ಎರಡೂ ತುದಿಯ ಪ್ಲಗ್ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ. ಆಗಲೂ ಸರಿಹೋಗದಿದ್ದರೆ ಮಾತ್ರ ಆ ಕೇಬಲ್ ಬದಲಾಯಿಸಿ. ಹಳೆಯದರ ತುದಿಗೆ ಹೊಸದನ್ನು ಕಟ್ಟಿ ಎಳೆದರೆ ಒಂದೇ ಸಲಕ್ಕೆ ಹಳೆಯದು ಹೊರಗೆ, ಹೊಸದು ಒಳಗೆ. ಪೈಪ್ ಹಾಕಿಸಿದ್ದರೆ, ಅಷ್ಟೇ.